ದಾರಿ ಹೇಳಿದ ದೆವ್ವ

ಜನವರಿ ಒಂಬತ್ತು, ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ವಿಯೆಟ್ನಾಮಿನ ಕ್ವಾಂಗ್ ತ್ರಿ ಪ್ರಾಂತ್ಯದ ಅನ್ ಲೂ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಖಿಯೆಮ್ ಇನ್ನೂ ಚಹಾದ ಲೋಟಕ್ಕೆ ಬಾಯಿಟ್ಟಿರಲಿಲ್ಲ. ಅಷ್ಟರಲ್ಲಿ ಸಂತೆಯಲ್ಲಿ ಮೀನು ಮಾರುವ ಸೆನ್ ಒಳಗೆ ಬಂದಳು. ಮೊಣಕಾಲಿನವರೆಗೆ ಕೆಸರು, ತಲೆಗೆ ಕಟ್ಟಿದ ಸೂತಕದ ಬಿಳಿ ಪಟ್ಟಿ. ಹಿಂದೆ ಅವಳ ಗಂಡ, ಎರಡೂ ಕೈಯಲ್ಲಿ ಒಂದು ಮಣ್ಣಿನ ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ. ಪೆಟ್ಟಿಗೆ ಖಾಲಿಯಿತ್ತು.

"ಏನಮ್ಮಾ ಸೆನ್, ಏನಾಯ್ತು?"

"ನನ್ನ ಮಗನ್ನ ಯಾರೋ ಕದ್ದಿದ್ದಾರೆ ಸಾಹೇಬ್ರೇ."

ಬರೆಯುತ್ತಿದ್ದ ಪೇದೆ ಸಾಂಗ್‌ನ ಪೆನ್ನು ನಿಂತಿತು. ಸೆನ್‌ಳ ಮಗ ವೂ ಸತ್ತು ಮೂರು ವರ್ಷವಾಗಿದ್ದು ಠಾಣೆಗೆಲ್ಲ ಗೊತ್ತಿತ್ತು. ಮರಳು ತೆಗೆಯುವ ದೋಣಿಯಿಂದ ಹೊಳೆಗೆ ಬಿದ್ದ ಹುಡುಗ, ಇಪ್ಪತ್ತೆರಡು ವರ್ಷ. ಹೆಣ ಮೇಲೆತ್ತಿದ ದಿನದ ಪಂಚನಾಮೆಗೆ ಖಿಯೆಮ್‌ನೇ ಸಹಿ ಹಾಕಿದ್ದ.

ಇಲ್ಲಿಯ ಪದ್ಧತಿಯಂತೆ ಮಣ್ಣು ಮಾಡಿ ಮೂರು ವರ್ಷ ತುಂಬಿದ ಮೇಲೆ ಗೋರಿ ತೆರೆದು, ಮೂಳೆಗಳನ್ನು ಮಸಾಲೆಯ ನೀರಿನಲ್ಲಿ ತೊಳೆದು, ತಲೆಯಿಂದ ಪಾದದವರೆಗೆ ಕ್ರಮವಾಗಿ ಮಣ್ಣಿನ ಪೆಟ್ಟಿಗೆಯಲ್ಲಿಟ್ಟು ಮತ್ತೆ ಹೂಳಬೇಕು. ಬಿಸಿಲು ತಾಗಬಾರದೆಂದು ಸೂರ್ಯ ಹುಟ್ಟುವ ಮೊದಲೇ ಈ ಕೆಲಸ ಮುಗಿಯಬೇಕು. ಅಲ್ಲಿಯವರೆಗೆ ಸತ್ತವರು ಸ್ನಾನವಿಲ್ಲದೆ ಅಂಗಳದಲ್ಲೇ ನಿಂತ ನೆಂಟರ ಹಾಗೆ.

"ಮುಂದಿನ ವರ್ಷ ತೆಗೆಯೋಣ ಅಂತ ಇದ್ವಿ," ಎಂದಳು ಸೆನ್. "ಮಗಳಿಗೆ ಗಂಡು ಗೊತ್ತಾಯ್ತು. ಮದುವೆಗೆ ಮುಂಚೆ ಅಣ್ಣನ್ನ ಸರಿಯಾಗಿ ಕೂರಿಸೋಣ ಅಂತ ಇವತ್ತೇ ತೆಗೆದ್ವಿ. ಶವಪೆಟ್ಟಿಗೆ ಮುಚ್ಚಳ ಎತ್ತಿದ್ರೆ ಬರೀ ಬಟ್ಟೆ. ಮಡಚಿಟ್ಟಿದ್ದಾರೆ ಸಾಹೇಬ್ರೇ! ನನ್ನ ಮಗ ಬದುಕಿದ್ದಾಗ ಒಂದು ದಿನ ಬಟ್ಟೆ ಮಡಚಿದವನಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಬಯಲಿನವರ ಮೇಲೆ."

ಅನ್ ಲೂನಲ್ಲಿ ಯಾರೂ ದೆವ್ವ ಎನ್ನುವುದಿಲ್ಲ, ಬಯಲಿನವರು ಎನ್ನುತ್ತಾರೆ. ಎಪ್ಪತ್ತೆರಡರ ಯುದ್ಧದಲ್ಲಿ ಹೊಳೆಯಾಚೆಯ ಬೂರುಗದ ಬಯಲಿನಲ್ಲಿ ಬಿದ್ದು, ಎತ್ತುವವರಿಲ್ಲದೆ ಅಲ್ಲೇ ಉಳಿದವರು. ಎಫ್‌ಐಆರ್‌ನಲ್ಲಿ ಅವರಿಗೆ ಜಾಗವಿರಲಿಲ್ಲ. 'ಅಪರಿಚಿತ ವ್ಯಕ್ತಿಗಳು' ಎಂದು ಸಾಂಗ್ ಬರೆದುಕೊಂಡ. ಸೆನ್ ಹೆಬ್ಬೆಟ್ಟೊತ್ತಿದಳು.

ಜೀಪಿನಲ್ಲಿ ಸಾಂಗ್ ಬಾಯಿ ಕಟ್ಟಿಕೊಂಡು ಕೂರಲಿಲ್ಲ. "ಬಯಲಲ್ಲಿ ಆಳು ಕಡಿಮೆ ಬಿದ್ದಿರ್ಬೇಕು ಸಾರ್. ಹೊಸ ಭರ್ತಿ ನಡೀತಿದೆ."

"ಬಾಯ್ಮುಚ್ಕೊಂಡು ಗಾಡಿ ಓಡಿಸಯ್ಯಾ. ಹೆತ್ತವಳ ಹೊಟ್ಟೆ ಉರೀತಿದೆ, ನಿನಗೆ ತಮಾಷೆ."

ಒಂಬತ್ತೂವರೆಗೆ ಸ್ಮಶಾನದಲ್ಲಿ ಪಂಚನಾಮೆ ಶುರುವಾಯಿತು. ಶವಪೆಟ್ಟಿಗೆಯ ಮುಚ್ಚಳದ ಮೊಳೆಗಳನ್ನು ಬಿಚ್ಚಿ ಮತ್ತೆ ಅದೇ ತೂತುಗಳಲ್ಲಿ ಹೊಡೆದಿದ್ದರು. ಅಂಗಿ, ಚಡ್ಡಿ, ಹೊದಿಕೆ ಒಂದರ ಮೇಲೊಂದು ಮಡಚಿಟ್ಟಿದ್ದವು. ಮೂಲೆಯಲ್ಲಿ ಒಂದು ಬಟ್ಟಲು. ಅದರ ತಳದಲ್ಲಿ ಬೂಸಲು ಹಿಡಿದ ಅಕ್ಕಿ, ಉಪ್ಪು. ಬಟ್ಟಲ ಪಕ್ಕ ಮೂರು ಊದುಕಡ್ಡಿಗಳ ತುಂಡು.

ಗೋರಿಯ ಬದಿಯ ಮಣ್ಣನ್ನು ಖಿಯೆಮ್ ಬೆರಳಿನಿಂದ ಕೆದಕಿ ನೋಡಿದ. ಅಕ್ಟೋಬರ್‌ನಲ್ಲಿ ಹೊಳೆ ಉಕ್ಕಿ ಬಂದಾಗ ಸ್ಮಶಾನದ ಮೇಲೆಲ್ಲ ಬೂದು ಬಣ್ಣದ ಹೂಳು ಕೂತಿತ್ತು. ಸೆನ್ ಮನೆಯವರು ಈ ದಿನ ಅಗೆದ ಕಡೆ ಬಿಟ್ಟರೆ ಆ ಪದರ ಎಲ್ಲೂ ಮುರಿದಿರಲಿಲ್ಲ.

"ಕಳ್ಳತನ ಪ್ರವಾಹಕ್ಕೆ ಮುಂಚಿಂದು. ಬರ್ಕೋ," ಎಂದ. "ಇನ್ನೊಂದು. ಕದಿಯೋಕೆ ಬಂದವನು ಅಕ್ಕಿ ಉಪ್ಪು ಇಟ್ಟು, ಧೂಪ ಹಚ್ಚಿ, ಕ್ಷಮೆ ಕೇಳಿ ಕದ್ದಿದ್ದಾನೆ."

"ಅದನ್ನೂ ಬರೀಲಾ ಸಾರ್?"

"ಬರಿ."

ಆ ತುಂಡುಗಳನ್ನು ಖಿಯೆಮ್ ಮೂಗಿನ ಹತ್ತಿರ ಹಿಡಿದ. ಮೂರು ತಿಂಗಳು ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿದ್ದಕ್ಕೋ ಏನೋ, ವಾಸನೆ ಇನ್ನೂ ಉಳಿದಿತ್ತು. ಒದ್ದೆ ಮಣ್ಣಿನ, ಬೇರಿನ ತಂಪು ವಾಸನೆ. ಲಾವಂಚ. ಅವನಿಗೆ ಪರಿಚಯವಿದ್ದ ವಾಸನೆ, ಎಲ್ಲಿಯದೆಂದು ಆಗ ನೆನಪಾಗಲಿಲ್ಲ. ತುಂಡುಗಳನ್ನು ಲಕೋಟೆಗೆ ಹಾಕಿ ಮೊಹರು ಮಾಡಿದರು.

ಕಡವಿನ ಹತ್ತಿರ ಥೋವಾಳ ಚಹಾ ಅಂಗಡಿ. ಊರಿನ ಸುದ್ದಿಯೆಲ್ಲ ಹೊಳೆ ದಾಟುವ ಮೊದಲು ಅಲ್ಲಿ ಕೂತು ಎದ್ದು ಹೋಗುತ್ತದೆ. ಇವರು ಬೆಂಚಿನ ಮೇಲೆ ಕೂರುವ ಮೊದಲೇ ಅವಳು ಶುರುಮಾಡಿದಳು.

"ಸೆನ್ ಮಗನ್ನ ಬಯಲಿನವರು ಒಯ್ದರಂತೆ? ಸುಳ್ಳು! ಅವರು ಏನನ್ನೂ ಒಯ್ಯಲ್ಲ. ಅವರು ಕೇಳ್ತಾರೆ, ಅಷ್ಟೇ."

"ಏನು ಕೇಳ್ತಾರೆ?"

"ನಿಂಗೆ ಗೊತ್ತಿಲ್ವಾ? ಇದೇ ಊರಲ್ಲಿ ಹುಟ್ಟಿದವನು. ನಮ್ಮ ಮಾವ ಎಮ್ಮೆ ಹುಡುಕ್ಕೊಂಡು ಹೋದಾಗ ಒಬ್ಬ ಹುಡುಗ ಬಂದು ನೀರು ಕೇಳಿದ. ಮಾವ ಕೊಟ್ಟ. ಕುಡಿದಿದ್ದೆಲ್ಲ ಎದೆಯಿಂದ ಸೋರ್ತಿತ್ತಂತೆ. ಮಾವ ಮೂರು ದಿನ ಜ್ವರ ಬಂದು ಮಲಗಿದ. ಮೇಷ್ಟ್ರ ಹೆಂಡತಿ ಹತ್ರ ಒಬ್ಬ ಇವತ್ತು ಯಾವ ತಿಂಗಳು ಅಂತ ಕೇಳಿದ. ಪಾಪ, ಮನೆಗೆ ಹೋಗೋ ರಜೆ ಲೆಕ್ಕ ಹಾಕ್ತಿದ್ದನೋ ಏನೋ."

ಖಿಯೆಮ್‌ಗೂ ಒಂದು ಕತೆ ಗೊತ್ತಿತ್ತು. ಅವನಪ್ಪ ಸಂಜೆ ಬಯಲು ದಾಟುವಾಗ ಒಬ್ಬ ಸಿಗರೇಟಿಗೆ ಬೆಂಕಿ ಕೇಳಿದ್ದ. ಹಚ್ಚಿಕೊಂಡ ಮೇಲೆ, ಅಣ್ಣಾ, ಕಡವಿಗೆ ಯಾವ ದಾರಿ ಎಂದಿದ್ದ. ಅಪ್ಪ ಕೈ ತೋರಿಸಿದ. ಹುಡುಗ ಆ ಕಡೆಗೆ ಹೋಗಲಿಲ್ಲ, ನಿಂತ ಕಡೆಯೇ ನಿಂತು ಮತ್ತೆ ಅದನ್ನೇ ಕೇಳಿದ. ಅಪ್ಪ ಸಾಯುವವರೆಗೂ ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡೇ ಬಯಲಿಗೆ ಇಳಿಯುತ್ತಿದ್ದ.

"ಎಲ್ಲರೂ ಕೇಳ್ತಾರೆ," ಎಂದಳು ಥೋವಾ. "ಹೇಳಿದವನು ಒಬ್ಬನೇ. ನಮ್ಮ ಲಾಯಕ್ಕನ ಅಣ್ಣ. 'ತಂಗೀ, ಬೂರುಗದ ಮರದ ತೆಂಕಣ ಬೇರಿನ ಹತ್ರ ಇದೀನಿ, ಅಮ್ಮನಿಗೆ ಹೇಳು' ಅಂದನಂತೆ. ಹೆಸರು, ದಳದ ನಂಬರು, ಎಲ್ಲಾ! ಎಷ್ಟು ಚೊಕ್ಕವಾಗಿ ಹೇಳಿದಾನೆ ನೋಡು. ಅಗೆದರು, ಸಿಕ್ಕಿದ."

ಸಾಂಗ್ ನಗುತ್ತ ಚಹಾ ಹೀರಿದ. ಖಿಯೆಮ್ ನಗಲಿಲ್ಲ. ಆ ವಾಸನೆ ಎಲ್ಲಿಯದೆಂದು ಈಗ ಅವನಿಗೆ ನೆನಪಾಯಿತು. ಊರಲ್ಲಿ ಎಲ್ಲರೂ ಚಕ್ಕೆ ಮೊಗ್ಗು ಹಾಕಿದ ಊದುಕಡ್ಡಿ ಹೊಸೆಯುತ್ತಾರೆ. ಲಾವಂಚ ಹಾಕುವವಳು ಲಾಯ್ ಒಬ್ಬಳೇ.

ಹನ್ನೊಂದು ದಿನದ ಹಿಂದೆ ಹುತಾತ್ಮರ ಸ್ಮಶಾನದಲ್ಲಿ ಖಿಯೆಮ್ ಸೆಲ್ಯೂಟ್ ಹೊಡೆದು ನಿಂತಿದ್ದ. ಕೆಂಪು ಬಾವುಟ ಹೊದಿಸಿದ ಪೆಟ್ಟಿಗೆಯ ಮೇಲೆ ಲಾಯ್‌ಳ ತಾಯಿ ದೌ ಅಜ್ಜಿ ಅಂಗೈ ಇಟ್ಟಿದ್ದರು. ಎಂಬತ್ತನಾಲ್ಕು ವರ್ಷ, ಕಣ್ಣು ಹೋಗಿ ಹತ್ತು ವರ್ಷ. ಮಗ ಥಿನ್ ಯುದ್ಧಕ್ಕೆ ಹೋದದ್ದು ಹೊಳೆಯಾಚೆಗೇ. ಮನೆಯ ಅಂಗಳದಿಂದ ಕಾಣುವ ಬಯಲಿನಲ್ಲೇ ಸತ್ತ, ಮೂಳೆ ಸಿಗಲಿಲ್ಲ. ಮೂಳೆ ಸಿಗುವವರೆಗೆ ಸತ್ತ ಎಂದು ಒಪ್ಪುವುದಿಲ್ಲವೆಂದು ಅಜ್ಜಿ ಅವನಿಗೆ ಒಂದು ಕಡ್ಡಿ ಧೂಪವನ್ನೂ ಹಚ್ಚಿರಲಿಲ್ಲ. ಬರುವ ಚಾಂದ್ರಮಾನ ಹೊಸ ವರ್ಷ ನೋಡುವುದಿಲ್ಲ ಎಂದು ವೈದ್ಯರು ಹೇಳಿದ್ದ ಮುದುಕಿ, ಮಣ್ಣು ಮಾಡಿ ಬಂದ ಮೇಲೆ ಎದ್ದು ಕೂತು ಗಂಜಿ ಕೇಳಿ ಕುಡಿದರು ಎಂದು ಊರೆಲ್ಲ ಹೇಳುತ್ತಿತ್ತು. ಅನುಮಾನ ನಿಜವಾದರೆ ಆ ಕೈಯಿಂದ ಮಗನನ್ನು ಇನ್ನೊಮ್ಮೆ ಕಿತ್ತುಕೊಳ್ಳುವ ಕೆಲಸ ತನ್ನದು. ಖಿಯೆಮ್‌ಗೆ ಚಹಾ ಸೇರಲಿಲ್ಲ.

"ನಡಿ, ಬೊಂಗ್ ಚಿಕ್ಕಪ್ಪನ ಮನೆಗೆ," ಎಂದ.

ಬೊಂಗ್ ನಿವೃತ್ತ ಸಿಪಾಯಿ. ಬಯಲಿನಲ್ಲಿ ಮೂಳೆ ಹುಡುಕುವ ಊರಿನ ತಂಡದ ಮುಖ್ಯಸ್ಥ. ಕೋಳಿಗೆ ಕಾಳು ಹಾಕುತ್ತಿದ್ದವನು ಪ್ರಶ್ನೆ ಕೇಳುತ್ತಲೇ ಬಿಗಿಯಾದ.

"ಚಿಕ್ಕಪ್ಪಾ, ಥಿನ್‌ನ ಮೂಳೆ ತೊಳೆದದ್ದು ಯಾರು?"

"ನಾವೇ. ದೌ ಅಕ್ಕನ ಮನೆ ಅಂಗಳದಲ್ಲಿ."

"ಕೆಸರು ಎಷ್ಟು ಹೊತ್ತಿಗೆ ಬಿಡ್ತು?"

"ಒಂದು ಚೊಂಬು ನೀರಿಗೇ."

"ಬೇರೆಯವರದ್ದು?"

ಬೊಂಗ್ ಕೈಯಲ್ಲಿದ್ದ ಕಾಳನ್ನೆಲ್ಲ ಒಮ್ಮೆಲೇ ಚೆಲ್ಲಿದ. "ಬೇರೆಯವರದ್ದು ಅರ್ಧ ದಿನ ಉಜ್ಜಬೇಕು. ಕೆಮ್ಮಣ್ಣು ಮೂಳೆಯೊಳಗೇ ಇಳಿದಿರುತ್ತೆ."

"ವಾಸನೆ?"

"ಪರಿಮಳ ಇತ್ತು. ಎಲ್ಲರೂ ಅತ್ತರು. ಪುಣ್ಯಾತ್ಮ, ಅದಕ್ಕೇ ಮೂಳೆಗೆ ಪರಿಮಳ ಬಂದಿದೆ ಅಂದ್ರು."

"ಎಂಥ ಪರಿಮಳ?"

"ನನ್ನ ಯಾಕೆ ಕೇಳ್ತೀಯಾ ಖಿಯೆಮ್?" ಬೊಂಗ್‌ನ ಧ್ವನಿ ಏರಿತು. "ಪರೀಕ್ಷೆಗೆ ಚೂರು ಕಳಿಸಿದೀವಿ. ವರದಿ ಬರೋಕೆ ಆರು ತಿಂಗಳು. ಅಷ್ಟು ದಿನ ಆ ಮುದುಕಿ ಇರ್ತಾಳಾ? ಯಾವನಿಗೆ ಬೇಕಿತ್ತು ಅನುಮಾನ? ನಾನು ನಲವತ್ತು ವರ್ಷದಿಂದ ಅಗೀತಿದೀನಿ, ಹೆಸರಿನ ಸಮೇತ ಸಿಕ್ಕವರು ಏಳೇ ಜನ. ಸಿಕ್ಕನಲ್ಲ ಅಂತ ಖುಷಿಪಟ್ಟೆ. ತಪ್ಪಾ?"

"ತಪ್ಪು ಅಂತ ನಾನು ಅಂದ್ನಾ ಚಿಕ್ಕಪ್ಪಾ? ಎಂಥ ಪರಿಮಳ ಅಷ್ಟು ಹೇಳಿ."

"ಲಾವಂಚ," ಎಂದು ಬೊಂಗ್ ಕೋಳಿಗಳ ಕಡೆ ತಿರುಗಿಕೊಂಡ.

ಮಾರನೆಯ ದಿನ ಜಿಲ್ಲೆಯಿಂದ ಆದೇಶ ಬಂತು. ಜನವರಿ ಹನ್ನೊಂದರ ಬೆಳಿಗ್ಗೆ ಹುತಾತ್ಮರ ಸ್ಮಶಾನದಲ್ಲಿ ಬಟ್ಟೆಯ ಮರೆ ಕಟ್ಟಿ, ಸರ್ಕಾರಿ ವೈದ್ಯರ ಎದುರು ಗೋರಿ ತೆರೆಯಲಾಯಿತು. ಕೆಳದವಡೆಯ ಒಂದು ಹಲ್ಲಿನ ಹುಳುಕಿಗೆ ಬಿಳಿ ಸಿಮೆಂಟು ತುಂಬಿಸಿತ್ತು. ಈ ಬಗೆಯದ್ದು ಯುದ್ಧದ ಕಾಲದಲ್ಲಿ ಇರಲೇ ಇಲ್ಲ, ಇದು ಈಚಿನದು ಎಂದು ವೈದ್ಯರು ಬರೆಸಿದರು. ಸೆನ್ ಆ ಹಲ್ಲನ್ನೂ ನೋಡಿದಳು, ಏಡಿಯ ಚಿಪ್ಪು ಕಚ್ಚಿ ಮೂಲೆ ಮುರಿದುಕೊಂಡ ಮುಂದಿನ ಹಲ್ಲನ್ನೂ ನೋಡಿದಳು.

"ಇವನೇ," ಎಂದಳು. ಗೋರಿಯ ಮೇಲಿನ ಬೇರೆ ಹೆಸರನ್ನು, ತಾಜಾ ಹೂಗಳನ್ನು, ಪುಟ್ಟ ಬಾವುಟವನ್ನು ನೋಡುತ್ತ ನಿಂತಳು. ಇನ್ನು ಕೂಗಾಡುತ್ತಾಳೆಂದು ಸಾಂಗ್ ನೀರಿನ ಬಾಟಲಿ ಹಿಡಿದು ಪಕ್ಕಕ್ಕೆ ಬಂದ. ಅವಳು ಕೂಗಲಿಲ್ಲ. ಬಗ್ಗಿ ಒಂದು ಬೆರಳ ಮೂಳೆ ಎತ್ತಿ ಮೂಸಿದಳು.

"ಯಾರು ತೊಳೆದ್ರು ಇವನ್ನ?"

ಅವಳು ಆ ಮೂಳೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದಳು.

"ಚೆನ್ನಾಗಿ ತೊಳೆದಿದ್ದಾರೆ. ಉಗುರು ಸಂದಿನ ಮೂಳೇನೂ ಬಿಟ್ಟಿಲ್ಲ." ಆಮೇಲೆ ಅವಳ ದನಿ ಒಡೆಯಿತು. "ಅದು ನನ್ನ ಕೆಲಸ ಸಾಹೇಬ್ರೇ. ಮೂರು ವರ್ಷದಿಂದ ಅದಕ್ಕೇ ಕಾಯ್ತಿದ್ದೆ. ಇವನ್ನ ನಾನು ತೊಳೀಬೇಕಿತ್ತು!"

ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ಜೀಪು ಲಾಯ್‌ಳ ಮನೆಯ ಮುಂದೆ ನಿಂತಿತು. ಅಂಗಳದ ತುಂಬ ಕೆಂಪು ಊದುಕಡ್ಡಿಗಳ ಕಟ್ಟುಗಳನ್ನು ಬಿಡಿಸಿ ಒಣಗಲು ಹರವಿತ್ತು. ಚಾಂದ್ರಮಾನ ಹೊಸ ವರ್ಷಕ್ಕೆ ಹನ್ನೆರಡು ದಿನವಿತ್ತು, ಊದುಕಡ್ಡಿಗೆ ಸುಗ್ಗಿ ಕಾಲ. ಐವತ್ತಾರು ವರ್ಷದ ಲಾಯ್ ಕುಕ್ಕರಗಾಲಲ್ಲಿ ಕೂತು ಕಡ್ಡಿ ತಿರುವಿ ಹಾಕುತ್ತಿದ್ದಳು. ಖಿಯೆಮ್‌ನನ್ನು, ಅವನ ಹಿಂದಿನ ಮಹಿಳಾ ಪೇದೆಯನ್ನು ನೋಡಿದಳು.

"ಸೆನ್ ಗೋರಿ ತೆಗೆದಳು ಅಂತ ಕೇಳ್ದೆ," ಎಂದಳು. "ಎರಡು ದಿನದಿಂದ ನಿನ್ನ ಕಾಯ್ತಿದೀನಿ ತಮ್ಮಾ. ಈ ಸಾಲು ತಿರುವಿ ಬಿಡ್ತೀನಿ. ಇಲ್ದಿದ್ರೆ ಸೀಳು ಬಿಡುತ್ತೆ."

ಅವಳು ತಿರುವುವವರೆಗೆ ಎಲ್ಲರೂ ನಿಂತರು. ಆಮೇಲೆ ಠಾಣೆಗೆ ಕರೆತಂದು ಹೇಳಿಕೆ ಬರೆದುಕೊಂಡರು.

"ಯಾವಾಗ ತೆಗೆದ್ರಿ ಅಕ್ಕಾ?"

"ಪ್ರವಾಹಕ್ಕೆ ಮುಂಚೆ."

"ಜೊತೆಗೆ ಯಾರಿದ್ರು?"

"ಒಬ್ಬಳೇ. ಮರಳು ಮಣ್ಣು, ಅಗೆಯೋದು ಕಷ್ಟ ಇಲ್ಲ."

"ವೂನೇ ಯಾಕೆ?"

"ನಮ್ಮಣ್ಣನ ವಯಸ್ಸಿನವನು. ಧೂಪ ತಗೊಳ್ಳೋಕೆ ಬಂದಾಗ ಸೆನ್ ಮುಂದಿನ ವರ್ಷ ತೆಗೀತೀವಿ ಅಂದಿದ್ಲು. ಅಷ್ಟೊತ್ತಿಗೆ ಅಮ್ಮ ಹೋಗಿರ್ತಾಳೆ, ಆಮೇಲೆ ಇವನ್ನ ಇವನ ಜಾಗಕ್ಕೇ ತಂದಿಡೋಣ ಅಂದ್ಕೊಂಡೆ. ಹಂಗೆ ಅಂತ ಅವನಿಗೂ ಹೇಳಿಯೇ ತಗೊಂಡೆ."

"ತೊಳೆದಿದ್ದು ಯಾಕೆ? ತೊಳೀದಿದ್ರೆ ನಮಗೆ ಗೊತ್ತಾಗೋದು ಕಷ್ಟ ಇತ್ತು."

ಲಾಯ್ ಅವನನ್ನು ಪಿಳಿಪಿಳಿ ನೋಡಿದಳು. "ತೊಳೀದೆ ಹೆಂಗೆ ಇಡೋದು? ಅವನೂ ಒಂದು ಮನೆಯ ಹುಡುಗ ಅಲ್ವಾ? ಸತ್ತು ಮೂರು ವರ್ಷ ಆಗಿತ್ತು, ಸ್ನಾನ ಇಲ್ಲ. ಕೈಗೆ ಬಂದವನನ್ನ ಹಂಗೇ ಮಣ್ಣಿಗೆ ಹಾಕೋಕೆ ನಾನೇನು ಕಟುಕಳಾ?"

ಸಾಂಗ್ ತಲೆ ಬಗ್ಗಿಸಿ ಬರೆಯುತ್ತಲೇ ಇದ್ದ.

"ಅಣ್ಣ ಬಂದು ಜಾಗ ಹೇಳಿದ್ದು?"

"ಸುಳ್ಳು," ಎಂದಳು. ಮೊದಲ ಸಲ ಅವಳ ಕಣ್ಣಲ್ಲಿ ನೀರು ಬಂತು. "ಬಯಲಿನವರು ಥೋವಾಳ ಮಾವನಿಗೆ ಕಾಣ್ತಾರೆ, ಮೇಷ್ಟ್ರ ಹೆಂಡತಿಗೆ ಕಾಣ್ತಾರೆ, ನಿಮ್ಮಪ್ಪನಿಗೂ ಕಂಡ್ರು. ನಾನು ಹೋಗದ ಹೊತ್ತಿಲ್ಲ, ಕೂಗದ ಮೂಲೆಯಿಲ್ಲ. ಒಬ್ಬನೂ ನನ್ನ ಹತ್ರ ಬಂದು ಒಂದು ತೊಟ್ಟು ನೀರು ಕೇಳ್ಲಿಲ್ಲ. ಅಣ್ಣ ಬರೋದು ಹಾಗಿರ್ಲಿ."

"ಅಮ್ಮ ನೆಮ್ಮದಿಯಾಗಿ ಸಾಯ್ಲಿ ಅಂತ ಮಾಡಿದ್ರಿ. ಹಾಗಂತ ಬರ್ಕೊಳ್ಳಲಾ?"

ಲಾಯ್ ತನ್ನ ಕೈಗಳನ್ನು ನೋಡಿಕೊಂಡಳು. ಕಡ್ಡಿ ಹೊಸೆದು ಹೊಸೆದು ಬೆರಳುಗಳಿಗೆ ಕೆಂಪು ಹಿಡಿದಿತ್ತು.

"ಹಂಗೆ ಬರ್ಕೊಂಡ್ರೆ ನಂಗೆ ಮರ್ಯಾದೆ," ಎಂದಳು. "ಆದ್ರೆ ಅದು ನಿಜ ಅಲ್ಲ ತಮ್ಮಾ. ನಂಗೋಸ್ಕರ ಮಾಡ್ದೆ. ಅಣ್ಣ ಹೋದಾಗ ನಂಗೆ ಹದಿನೇಳು. ಅವತ್ತಿಂದ ಮನೆ ಬಾಗಿಲಲ್ಲಿ ಯಾರ ಹೆಜ್ಜೆ ಕೇಳಿದ್ರೂ ಅಮ್ಮ 'ಥಿನ್, ಬಂದ್ಯಾ?' ಅಂತಾಳೆ. ನಾನು ನೀರು ಹೊತ್ಕೊಂಡು ಬಂದ್ರೂ ಥಿನ್. ಸಂತೆಯಿಂದ ಬಂದ್ರೂ ಥಿನ್. 'ಇಲ್ಲಮ್ಮಾ, ನಾನು' ಅಂತೀನಿ. 'ಓ, ನೀನಾ' ಅಂತಾಳೆ. ದಿನಾ. ಕಣ್ಣಿದ್ದಾಗಲೂ ಹಂಗೇ, ಕಣ್ಣು ಹೋದ ಮೇಲೂ ಹಂಗೇ. ಮಣ್ಣು ಮಾಡಿ ಬಂದ ಮಾರನೇ ದಿನ ನಾನು ಸೌದೆ ತಗೊಂಡು ಒಳಗೆ ಕಾಲಿಟ್ಟೆ. 'ಲಾಯ್, ಬಂದ್ಯಾ ಮಗಳೇ?' ಅಂದ್ಲು."

ಅವಳು ಮೂಗು ಒರೆಸಿಕೊಂಡಳು.

"ಅಷ್ಟೇ ದಿನ ತಮ್ಮಾ, ನಾನು ನಮ್ಮನೆಗೆ ಬಂದಿದ್ದು."

ದಸ್ತಗಿರಿಯ ಕಾಗದಕ್ಕೆ ಸಂಜೆ ಐದಕ್ಕೆ ಸಹಿಯಾಯಿತು. ದೌ ಅಜ್ಜಿಗೆ ಹೇಳುವ ಕೆಲಸ ಉಳಿದಿತ್ತು. ಬೇರೆ ಯಾರನ್ನಾದರೂ ಕಳಿಸೋಣವೇ ಎಂದು ಸಾಂಗ್ ಕೇಳಿದ. ಬೇಡವೆಂದು ಖಿಯೆಮ್‌ನೇ ಹೋದ. ಅಜ್ಜಿಯನ್ನು ಪಕ್ಕದ ಮನೆಯವರು ಕೂರಿಸಿಕೊಂಡಿದ್ದರು. ಅವರೆದುರು ನೆಲಕ್ಕೆ ಕೂತು, ಏನನ್ನೂ ಮುಚ್ಚಿಡದೆ, ಮೆಲ್ಲಗೆ ಎಲ್ಲ ಹೇಳಿದ.

"ಆ ಹುಡುಗನ ಹೆಸರೇನು ಮಗಾ?" ಎಂದರು ಕೊನೆಗೆ.

"ವೂ, ಅಜ್ಜಿ."

"ಅವನಮ್ಮ ಇದಾಳಾ?"

"ಇದಾರೆ."

"ಹಂಗಾದ್ರೆ ಬೇಗ ಕೊಟ್ಬಿಡು. ಕಾಯಿಸಬೇಡ ಅವಳನ್ನ."

ವೂನನ್ನು ಹದಿನಾಲ್ಕರ ಮುಂಜಾವಿನಲ್ಲಿ ಅವನ ಮಣ್ಣಿನ ಪೆಟ್ಟಿಗೆಯಲ್ಲಿಟ್ಟು ಹೂಳಿದರು. ಒಮ್ಮೆ ತೊಳೆದ ಮೂಳೆಯನ್ನು ಮತ್ತೆ ತೊಳೆಯುವುದಿಲ್ಲ ಎಂದು ಹಿರಿಯರು ಅಡ್ಡ ಬಂದರು. ಸೆನ್ ಯಾರ ಮಾತನ್ನೂ ಕೇಳದೆ ತೊಳೆದಳು. ಅದಾದ ಮೇಲೆ ಅವಳು ದಿನ ಬಿಟ್ಟು ದಿನ ದೌ ಅಜ್ಜಿಗೆ ಮೀನಿನ ಗಂಜಿ ಒಯ್ದು ಕೊಡತೊಡಗಿದಳು. ಹಾಗಾದರೆ ದೂರು ಹಿಂದೆ ತಗೊಳ್ತಾಳಾ ಎಂದು ಸಾಂಗ್ ಆಸೆಪಟ್ಟ.

"ಯಾಕೆ ತಗೊಳ್ಲಿ?" ಎಂದಳು ಸೆನ್. "ಅದು ಬೇರೆ, ಇದು ಬೇರೆ."

ಆರೋಪ ಪಟ್ಟಿಯಲ್ಲಿ ಕಾರಣದ ಜಾಗದಲ್ಲಿ ಖಿಯೆಮ್ 'ಕೌಟುಂಬಿಕ' ಎಂದು ಒಂದು ಪದ ಬರೆದ. ಇನ್ನೇನು ಬರೆಯಬೇಕೆಂದು ಅವನಿಗೆ ಹೊಳೆಯಲಿಲ್ಲ. ಸೆನ್ ಮಗಳ ಮದುವೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು ಎಂದು ಒಮ್ಮೆ ಯೋಚಿಸಿದ. ಪೊಲೀಸನಾಗಿ ಇಂಥದ್ದು ಯೋಚಿಸಿದೆನಲ್ಲ ಎಂದು ತನಗೆ ತಾನೇ ಬೈದುಕೊಂಡ.

ಹೊಸ ವರ್ಷದ ಹಿಂದಿನ ದಿನ ಮಧ್ಯಾಹ್ನ, ಹೆಂಡತಿ ಬೇಯಿಸಿದ ಎಲೆ ಕಡುಬು ಹಿಡಿದು ಅವನು ದೌ ಅಜ್ಜಿಯ ಮನೆಗೆ ಹೋದ. ಪಕ್ಕದ ಮನೆಯವರು ಹಬ್ಬದ ಅಡುಗೆಯಲ್ಲಿದ್ದರು. ಅಂಗಳದಲ್ಲಿ ಊದುಕಡ್ಡಿಗಳನ್ನು ಯಾರೂ ಎತ್ತಿಟ್ಟಿರಲಿಲ್ಲ, ಇಬ್ಬನಿಗೆ ಬಣ್ಣ ಬಿಟ್ಟು ನೆಲವೆಲ್ಲ ಕೆಂಪಾಗಿತ್ತು. ಬೂಟು ಕಳಚಿ ಅವನು ಹೊಸ್ತಿಲ ಮೇಲೆ ಕಾಲಿಟ್ಟ.

"ಥಿನ್, ಬಂದ್ಯಾ?"

ಒಳಗಿನ ಕತ್ತಲಲ್ಲಿ ಅಜ್ಜಿ ಮುಖ ಎತ್ತಿ, ಕಿವಿಯನ್ನು ಬಾಗಿಲಿಗೆ ಕೊಟ್ಟು ಕೂತಿದ್ದರು. ಮುಖದಲ್ಲಿ ಅಂಥ ಆಸೆ ಇತ್ತು.

"ಇಲ್ಲಜ್ಜೀ," ಎಂದ. "ನಾನು, ಖಿಯೆಮ್."

"ಓ, ನೀನಾ," ಎಂದರು ಅಜ್ಜಿ.

ಒಂದು ಸಲ ಕೇಳಿದ್ದಕ್ಕೇ ಅವನಿಗೆ ಕಡುಬನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಲಾಯ್ ಅದನ್ನು ನಲವತ್ತು ವರ್ಷ ಕೇಳಿದ್ದಳು.